ಏಳಡಿ ಎಂಟಡಿಯ ಅಡುಗೆಮನೆ

ಬೆಂಗಳೂರಿನ ಹಳೆಯದೊಂದು ಅಪಾರ್ಟ್‌ಮೆಂಟಿನ ಮೊದಲ ಮಹಡಿ. ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಇದೇ ಅಡುಗೆಮನೆಯಲ್ಲಿ ಬೇಯಿಸಿದವರು. ನಾದಿನಿ ಆರ್ಕಿಟೆಕ್ಟು, ಊರಿನವರ ಮನೆಗಳಿಗೆಲ್ಲ ನಕ್ಷೆ ಬರೆದುಕೊಟ್ಟವಳಿಗೆ ಅಣ್ಣನ ಮನೆಯ ಅಡುಗೆಮನೆ ನೋಡಲು ಈಗ ಪುರಸೊತ್ತಾಗಿದೆ.

ಅತ್ತಿಗೆ: ಮಾಡ್ಯುಲರ್ ಕಿಚನ್ನಿನವನು ಅಳತೆ ತಗೊಂಡು ಹೋಗಿದ್ದಾನೆ. ಅವನು ಕೊಟ್ಟ ಲೆಕ್ಕ ನೋಡಿ ನಿಮ್ಮಣ್ಣ ಇನ್ನೂ ಸುಧಾರಿಸಿಕೊಂಡಿಲ್ಲ. ನೆಲದಿಂದ ಸೀಲಿಂಗ್‌ವರೆಗೆ ಕಬೋರ್ಡು ಹೊಡೀತಾನಂತೆ. ಎಲ್ಲಾ ಒಳಗೆ ಹೋಗುತ್ತೆ, ಹೊರಗೆ ಒಂದು ಲೋಟವೂ ಕಾಣಲ್ಲ ಮೇಡಂ ಅಂದ.

ನಾದಿನಿ: ಲೋಟ ಕಾಣಲ್ಲ ಅನ್ನೋದು ನಿಜ. ಅಡುಗೆಮನೆಯೂ ಕಾಣಲ್ಲ. ಇಷ್ಟು ಸಣ್ಣ ಜಾಗದಲ್ಲಿ ಮುಖದ ಮಟ್ಟಕ್ಕೆ ಸುತ್ತಲೂ ಪೆಟ್ಟಿಗೆ ಕೂರಿಸಿದರೆ ಗೋಡೆ ಒಂದೊಂದು ಅಡಿ ಮುಂದೆ ಬಂದ ಹಾಗೆ. ನೀವು ಬಗ್ಗಿ ಸೊಪ್ಪು ಹೆಚ್ಚುವಾಗ ಹಣೆ ಅದಕ್ಕೇ ತಗುಲುತ್ತೆ.

ಅತ್ತಿಗೆ: ಸಣ್ಣ ಜಾಗ ಅಂತ ಆರ್ಕಿಟೆಕ್ಟರೇ ಒಪ್ಪಿಕೊಂಡ ಹಾಗಾಯ್ತು.

ನಾದಿನಿ: ಸಣ್ಣದೇ. ಆದರೆ ಕಾನೂನಿಗಿಂತ ಸಣ್ಣದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಊಟಕ್ಕೆ ಬೇರೆ ಜಾಗ ಇರುವ ಮನೆಯಲ್ಲಿ ಅಡುಗೆಮನೆ ಕನಿಷ್ಠ 5 ಚದರ ಮೀಟರ್ ಇರಬೇಕು, ಅಗಲ 1.8 ಮೀಟರಿಗೆ ಕಮ್ಮಿ ಇರಬಾರದು. 5 ಚದರ ಮೀಟರ್ ಅಂದರೆ ಹತ್ತಿರ ಹತ್ತಿರ 54 ಚದರ ಅಡಿ. ನಿಮ್ಮದು ಏಳೆಂಟ್ಲ 56. ಕಟ್ಟಿದವನು ಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಟೇಪು ಹಿಡಿದಿದ್ದಾನೆ.

ಅತ್ತಿಗೆ: ಪರವಾಗಿಲ್ವೇ, ಎರಡು ಚದರ ಅಡಿ ಧರ್ಮಕ್ಕೆ ಬಿಟ್ಟಿದ್ದಾನೆ. ಒಂದು ಅಕ್ಕಿ ಮೂಟೆ ಇಡಬಹುದು.

ನಾದಿನಿ: ಅದೇ ಸಂಹಿತೆ ಕಿಟಕಿಗೂ ಒಂದು ಮಾತು ಹೇಳುತ್ತೆ. ಕನಿಷ್ಠ 1 ಚದರ ಮೀಟರ್ ಇರಬೇಕು, ಅದು ಬಯಲಿನ ಕಡೆ ತೆರೀಬೇಕು, ಶಾಫ್ಟಿಗೆ ತೆರೀಬಾರದು. ನಿಮ್ಮ ಕಿಟಕಿ ಎಲ್ಲಿಗೆ ತೆರೆಯುತ್ತೆ ಹೇಳಿ.

ಅತ್ತಿಗೆ: ಯುಟಿಲಿಟಿಗೆ.

ನಾದಿನಿ: ಯುಟಿಲಿಟಿಯಲ್ಲಿ ಏನಿದೆ?

ಅತ್ತಿಗೆ: ಇನ್ನೇನಿರುತ್ತೆ? ವಾಷಿಂಗ್ ಮೆಷೀನು, ಹಳೇ ಪೇಪರು, ಖಾಲಿ ಸಿಲಿಂಡರು, ಒಣಗಿ ಹಾಕಿರೋ ಬಟ್ಟೆ. ಗ್ರಿಲ್ಲಿಗೆ ಹಸಿರು ಬಲೆ ಬೇರೆ, ಪಾರಿವಾಳದ ಕಾಟಕ್ಕೆ.

ನಾದಿನಿ: ನಿಮ್ಮ ಅಡುಗೆಮನೆಗೆ ಬೆಳಕು ಬರೋ ದಾರಿ ಇಡೀ ಮನೇಲಿ ಅದೊಂದೇ. ಆ ದಾರಿಗೆ ಬೆಡ್‌ಶೀಟ್ ಅಡ್ಡ ಕಟ್ಟಿ, ಒಳಗೆ ಕತ್ತಲು ಅಂತ ಬಿಳಿ ಪೇಂಟ್ ಹೊಡೆಸೋಕೆ ಹೊರಟಿದ್ದೀರಿ. ನಾನು ನೋಡಿದ ಅರ್ಧಕ್ಕರ್ಧ ಫ್ಲಾಟುಗಳ ಕಥೆ ಇದೇ. ಸೂರ್ಯ ಮೊದಲು ನೈಟಿ ಒಣಗಿಸಬೇಕು, ಉಳಿದದ್ದು ಅಡುಗೆಮನೆಗೆ.

ಅತ್ತಿಗೆ: ಬಟ್ಟೆ ಮತ್ತೆಲ್ಲಿ ಒಣಗಿಸಲಿ? ನಿನ್ನ ನಕ್ಷೆ ಮೇಲಾ?

ನಾದಿನಿ: ರಾಟೆ ಹಾಕಿ ಸೀಲಿಂಗಿಗೆ ಎಳೆಯೋ ಪೈಪುಗಳು ಬರುತ್ತಲ್ಲ, ಅದನ್ನು ಹಾಕಿಸಿ. ಬಟ್ಟೆ ಕಿಟಕಿಗಿಂತ ಮೇಲೆ ಹೋಗುತ್ತೆ. ಬೆಡ್‌ಶೀಟು, ಪಂಚೆ ತಾರಸಿಗೆ. ಪೇಪರು ರದ್ದಿಯವನಿಗೆ. ಬನ್ನಿ, ಈಗ ಈ ಸೊಳ್ಳೆ ಮೆಶ್ ನೋಡಿ. ಬೆರಳು ಇಡಿ.

ಅತ್ತಿಗೆ: ಅಯ್ಯೋ, ಬೇಡ ಬಿಡೇ.

ನಾದಿನಿ: ಇಡಿ ಅತ್ತಿಗೆ. ನೋಡಿದ್ರಾ, ಬೆರಳಿಗೆ ಅಂಟುತ್ತೆ. ದಿನಾ ಒಗ್ಗರಣೆ ಹಾಕುವಾಗ ಏಳೋ ಎಣ್ಣೆಯ ಹೊಗೆ ಬಂದು ಇಲ್ಲಿ ಕೂರುತ್ತೆ. ಅದರ ಮೇಲೆ ರಸ್ತೆ ಧೂಳು, ಅದರ ಮೇಲೆ ಮತ್ತೆ ಎಣ್ಣೆ. ತೂತು ತೂತಾಗಿ ಇರಬೇಕಾದ ಮೆಶ್ಶಿನ ಒಂದೊಂದು ಕಣ್ಣೂ ಕಂದು ಜಿಡ್ಡಿನಲ್ಲಿ ಮುಚ್ಚಿಹೋಗಿದೆ. ಈ ಮೂಲೇಲಿ ಉಗುರಿನಿಂದ ಕೆರೆದರೆ ಮೇಣದ ಥರ ಸುರುಳಿ ಬರುತ್ತೆ. ಕೆರೆದ ಕಡೆ ನೋಡಿ, ಆಚೆ ಮನೆಯ ಮಾವಿನಮರ ಕಾಣ್ತಿದೆ.

ಅತ್ತಿಗೆ: ನಿಜ ಕಣೇ. ಅಲ್ಲಿ ಮರ ಇರೋದೇ ಮರೆತುಹೋಗಿತ್ತು. ಬಿಸಿನೀರಿಗೆ ಸೋಡಾ ಹಾಕಿ ಉಜ್ಜಿದರೆ ಹೋಗುತ್ತೆ. ಹೋಗದಿದ್ದರೆ ಮೆಶ್ ಬದಲಾಯಿಸೋದು. ಸರಿ, ಹಗಲಿನ ಬೆಳಕಾಯ್ತು. ನಾನು ಅಡುಗೆ ಮಾಡೋದು ಬೆಳಗ್ಗೆ ಐದೂವರೆಗೆ, ರಾತ್ರಿ ಏಳೂವರೆಗೆ. ಆಗ ನಿನ್ನ ಮಾವಿನಮರ ಏನು ಮಾಡುತ್ತೆ?

ನಾದಿನಿ: ಆಗಿನದೇ ದೊಡ್ಡ ವಿಷಯ. ಆ ಟ್ಯೂಬ್‌ಲೈಟ್ ಹಾಕಿ. ಈಗ ಕಟ್ಟೆ ಮುಂದೆ ನಿಂತು ಈರುಳ್ಳಿ ಹೆಚ್ಚೋ ಹಾಗೆ ಕೈ ಇಡಿ. ಏನು ಕಾಣುತ್ತೆ?

ಅತ್ತಿಗೆ: ನನ್ನ ನೆರಳು.

ನಾದಿನಿ: ಟ್ಯೂಬು ಬಾಗಿಲ ಮೇಲಿದೆ, ನಿಮ್ಮ ಬೆನ್ನ ಹಿಂದೆ. ನೀವು ಎಲ್ಲಿ ನಿಂತರೂ ನಿಮ್ಮ ನೆರಳಲ್ಲೇ ಹೆಚ್ಚಬೇಕು, ನಿಮ್ಮ ನೆರಳಲ್ಲೇ ಅಕ್ಕಿ ಆರಿಸಬೇಕು. ಟ್ಯೂಬ್ ಇನ್ನೂ ದೊಡ್ಡದು ಹಾಕಿದರೆ ನೆರಳು ಇನ್ನೂ ಕಪ್ಪಾಗುತ್ತೆ, ಅಷ್ಟೇ. ಅಡುಗೆಮನೇಲಿ ಬೆಳಕು ಬೀಳಬೇಕಾದ್ದು ಕೈಮೇಲೆ. ಕಟ್ಟೆ ಮೇಲಿನ ಶೆಲ್ಫಿನ ಕೆಳಗೆ, ಮುಂದಿನ ಅಂಚಿಗೆ, ಉದ್ದಕ್ಕೂ ಒಂದು ಎಲ್‌ಇಡಿ ಪಟ್ಟಿ ಹಾಕಿಸಿ. ಬರೀ ಪಟ್ಟಿ ಅಂಟಿಸಬೇಡಿ, ಜಿಡ್ಡು ಹಿಡಿದು ಉದುರುತ್ತೆ. ಮೇಲೆ ಹಾಲುಬಣ್ಣದ ಮುಚ್ಚಳ ಇರೋ ಅಲ್ಯೂಮಿನಿಯಂ ಪ್ರೊಫೈಲ್ ಬರುತ್ತೆ, ಅದರೊಳಗೆ ಕೂರಿಸಬೇಕು. ಒರೆಸೋದೂ ಸುಲಭ.

ಅತ್ತಿಗೆ: ಹಳದಿ ಬೆಳಕಾ, ಬಿಳಿ ಬೆಳಕಾ? ಅಂಗಡಿಯವನು ಕೇಳ್ತಾನೆ.

ನಾದಿನಿ: ಎರಡರ ನಡುವಿನದು. ನಮ್ಮ ಮನೆಗಳಲ್ಲಿ ಹಾಕೋ ನೀಲಿಗಟ್ಟಿದ ಬಿಳಿ ಟ್ಯೂಬ್ 6500 ಕೆಲ್ವಿನ್ ಇರುತ್ತೆ, ಹೋಟೆಲಿನ ಹಳದಿ ದೀಪ 2700. ನೀವು 4000 ಕೇಳಿ. ಡಬ್ಬಿ ಮೇಲೆ ಸಿಆರ್‌ಐ ಅಂತ ಇರುತ್ತೆ, ಬಣ್ಣ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋದರ ಅಳತೆ. 90 ಇದ್ದರೆ ಒಳ್ಳೇದು. ಸಾರಿಗೆ ಅರಿಶಿನ ಹೆಚ್ಚಾಯ್ತಾ, ಒಗ್ಗರಣೆಯ ಸಾಸಿವೆ ಸಿಡೀತಾ ಸೀದುಹೋಯ್ತಾ ಅನ್ನೋದು ಕಣ್ಣಿಗೆ ಗೊತ್ತಾಗಬೇಕಲ್ಲ.

ಅತ್ತಿಗೆ: ಸೀದದ್ದು ಮೂಗಿಗೆ ಗೊತ್ತಾಗುತ್ತೆ. ಇರಲಿ. ಈ ಕರೀ ಗ್ರಾನೈಟ್ ತೆಗೆಸಿಬಿಡೋಣವಾ? ಮಾಡ್ಯುಲರಿನವನು ಬಿಳಿ ಕ್ವಾರ್ಟ್ಜ್ ಹಾಕೋಣ, ಅಡುಗೆಮನೆ ಎರಡರಷ್ಟು ಕಾಣುತ್ತೆ ಅಂದ.

ನಾದಿನಿ: ಕರೀ ಕಲ್ಲು ಬೆಳಕು ನುಂಗುತ್ತೆ, ಅದರಲ್ಲಿ ಸುಳ್ಳಿಲ್ಲ. ಆದರೆ ನೀವು ಕುಕ್ಕರನ್ನ ಒಲೆಯಿಂದ ಇಳಿಸಿ ನೇರ ಕಟ್ಟೆ ಮೇಲೆ ಇಡೋರು. ಕ್ವಾರ್ಟ್ಜಿನಲ್ಲಿ ಕಲ್ಲಿನ ಪುಡಿಯನ್ನ ರಾಳದಲ್ಲಿ ಹಿಡಿಸಿರ್ತಾರೆ, ಅಂಥ ಬಿಸಿಗೆ ರಾಳ ಬಣ್ಣಗೆಡುತ್ತೆ. ಬಿಳಿ ಅಮೃತಶಿಲೆ ಹಾಕಿದರಂತೂ ಹುಣಸೆಹುಳಿ, ನಿಂಬೆಹುಳಿ ಬಿದ್ದ ಕಡೆಯೆಲ್ಲ ಹೊಳಪು ಹೋಗುತ್ತೆ. ಈ ಗ್ರಾನೈಟು ಬಹುಶಃ ನಮ್ಮ ಕನಕಪುರ, ಚಾಮರಾಜನಗರದ ಕಡೆ ಕಲ್ಲು. ಇಷ್ಟು ವರ್ಷ ಕೊಡವಿಕೊಂಡು ನಿಂತಿದೆ, ನಿಮ್ಮನ್ನೂ ನನ್ನನ್ನೂ ದಾಟಿಸುತ್ತೆ. ಕಟ್ಟೆ ಬಿಡಿ, ಹಿಂದಿನ ಗೋಡೆ ಬದಲಾಯಿಸಿ. ಈ ಚಿಕ್ಕ ಚಿಕ್ಕ ಹಣ್ಣಿನ ಚಿತ್ರದ ಟೈಲ್ಸ್ ತೆಗೆದು ಒಂದಡಿ ಎರಡಡಿಯ ಬಿಳಿ ಟೈಲ್ಸ್. ದೊಡ್ಡದಾದಷ್ಟೂ ಸಂದು ಕಮ್ಮಿ, ಸಂದು ಕಮ್ಮಿಯಾದಷ್ಟೂ ಜಿಡ್ಡು ಕಮ್ಮಿ. ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ತುಂಬಿಸಿದರೆ ಅರಿಶಿನ ಅಷ್ಟು ಸುಲಭಕ್ಕೆ ಇಳಿಯಲ್ಲ.

ಅತ್ತಿಗೆ: ಟೀವೀಲಿ ಒಬ್ಬಳು ಗೋಡೆಗೆ ಕನ್ನಡಿ ಹಾಕಿ, ಜಾಗ ದೊಡ್ಡದು ಕಾಣುತ್ತೆ ಅಂತಿದ್ದಳು.

ನಾದಿನಿ: ಅವಳ ಮನೇಲಿ ಪೂರಿ ಕರಿಯಲ್ಲ ಬಿಡಿ.

ಅತ್ತಿಗೆ: ನಿನ್ನ ಬೆಳಕಿನ ಪಾಠ ಚೆನ್ನಾಗಿದೆ. ಆದರೆ ನನ್ನ ತೊಂದರೆ ಬೆಳಕಿಗಿಂತ ಕಟ್ಟೆಯದು. ಚಪಾತಿ ಮಣೆ ಇಡೋಕೂ ಜಾಗ ಇಲ್ಲ. ನಮ್ಮಜ್ಜಿ ಮನೆ ಅಡುಗೆಮನೇಲಿ ಕಟ್ಟೆಯೇ ಇರಲಿಲ್ಲ, ಆದರೂ ಇಕ್ಕಟ್ಟು ಅನ್ನಿಸಿದ್ದು ನೆನಪಿಲ್ಲ. ಮಾಡಿನಲ್ಲಿ ಎರಡು ಗಾಜಿನ ಹೆಂಚು, ಅದೇ ಬೆಳಕಿಂಡಿ. ಬೆಳಗ್ಗೆ ಬಿಸಿಲಿನ ಕೋಲು ನೇರ ಒಲೆ ಮುಂದೆ ಬೀಳೋದು. ಗೋಡೆ ಮೇಲೆ ನಾಗಂದಿಗೆ, ಹಗ್ಗದ ನೆಲುವಿನಲ್ಲಿ ಹಾಲು ಮೊಸರು. ಅಷ್ಟೇ.

ನಾದಿನಿ: ಅಜ್ಜಿ ಮನೇಲಿ ಅಕ್ಕಿ ಎಲ್ಲಿರ್ತಿತ್ತು?

ಅತ್ತಿಗೆ: ಉಗ್ರಾಣದಲ್ಲಿ.

ನಾದಿನಿ: ರುಬ್ಬೋದು?

ಅತ್ತಿಗೆ: ಒರಳುಕಲ್ಲು ಹಿಂದಿನ ಜಗಲೀಲಿ. ಪಾತ್ರೆ ತೊಳೆಯೋದು ಹಿತ್ತಿಲಲ್ಲಿ, ಬಾವಿಕಟ್ಟೆ ಹತ್ತಿರ. ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬ ಎಲ್ಲ ಅಟ್ಟದ ಮೇಲೆ. ಓ! ನೀನು ಎಲ್ಲಿಗೆ ಬರ್ತಿದ್ದೀಯ ಅಂತ ಗೊತ್ತಾಯ್ತು.

ನಾದಿನಿ: ಅಲ್ಲಿ ಅಡುಗೆಮನೇಲಿ ಅಡುಗೆ ಮಾತ್ರ ನಡೀತಿತ್ತು. ಇಲ್ಲಿ ಉಗ್ರಾಣ, ಜಗಲಿ, ಹಿತ್ತಿಲು, ಅಟ್ಟ ನಾಲ್ಕೂ ಬಂದು ಈ 56 ಅಡಿಯೊಳಗೆ ಕೂತಿವೆ. ಮೇಲೆ ಫ್ರಿಜ್ಜು, ಓವನ್ನು, ನೀರಿನ ಫಿಲ್ಟರು. ಅದಕ್ಕೇ ನಾನು ಹೇಳೋದು, ಅಡುಗೆಮನೆಗೆ ಹೊಸ ಕಬೋರ್ಡು ಸೇರಿಸೋದಕ್ಕಿಂತ ಮೊದಲು, ಅಡುಗೆ ಅಲ್ಲದ್ದನ್ನ ಅದರಿಂದ ಆಚೆ ಕಳಿಸಬೇಕು.

ಅತ್ತಿಗೆ: ಎಲ್ಲಿಗೆ ಕಳಿಸ್ತೀಯ? ಉಗ್ರಾಣ ಕಟ್ಟಿಸಿಕೊಡ್ತೀಯಾ?

ನಾದಿನಿ: 25 ಕೆಜಿ ಅಕ್ಕಿ ಮೂಟೆ ತರೋದು ಬಿಡಿ. ಫೋನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಬರೋ ಕಾಲದಲ್ಲಿ ಮೂಟೆ ಯಾಕೆ?

ಅತ್ತಿಗೆ: ಹತ್ತು ನಿಮಿಷಕ್ಕೆ ಬರೋದು ಹೊಸ ಅಕ್ಕಿ. ಅನ್ನ ಮುದ್ದೆಯಾಗುತ್ತೆ. ಹಳೇ ಅಕ್ಕಿ ಸಿಕ್ಕಿದಾಗ ಮೂಟೆ ಹಿಡಿಯೋದೇ ಸರಿ, ದರವೂ ಇಳಿಯುತ್ತೆ. ಇದರಲ್ಲಿ ನಿನ್ನ ಮಾತು ನಡೆಯಲ್ಲ.

ನಾದಿನಿ: ಸೋತೆ. ಮೂಟೆ ಇರಲಿ, ಆದರೆ ಇಲ್ಲಿ ಬೇಡ. ಹಾಲ್‌ನಲ್ಲಿ ದಿವಾನ ಇದೆಯಲ್ಲ, ಅದರೊಳಗೆ ಬೇವಿನಸೊಪ್ಪು ಹಾಕಿ ಮುಚ್ಚಿಡಿ. ಇಲ್ಲಿ ಒಂದು ವಾರಕ್ಕಾಗೋಷ್ಟು ಡಬ್ಬೀಲಿ. ಬೇಳೆ, ರವೆ, ಸಕ್ಕರೆಗೂ ಅದೇ ಲೆಕ್ಕ. ಪಾತ್ರೆ ತೊಳೆಯೋಕೆ ಯುಟಿಲಿಟೀಲಿ ನಲ್ಲಿ ಇದೆ, ಅಲ್ಲೇ ಒಂದು ಸಿಂಕ್ ಹಾಕಿಸಿ. ಎಂಜಲು ಪಾತ್ರೆ ಅಲ್ಲಿಗೆ, ತರಕಾರಿ ತೊಳೆಯೋದು ಇಲ್ಲಿ. ಅಷ್ಟಕ್ಕೇ ಈ ಸಿಂಕಿನ ಪಕ್ಕ ನೀರು ಸೋರಿಸೋಕೆ ಇಟ್ಟಿರೋ ಪಾತ್ರೆ ಬುಟ್ಟಿ ಎದ್ದು ಹೋಗುತ್ತೆ. ಈಗ ಲೆಕ್ಕ ಹಾಕೋಣ. ನಿಮ್ಮ ಕಟ್ಟೆ ಹದಿಮೂರಡಿ ಉದ್ದ. ಒಲೆಗೆ ಎರಡೂವರೆ, ಸಿಂಕಿಗೆ ಎರಡು, ಮೂಲೆಗೆ ಎರಡು. ಉಳಿದದ್ದು ಆರೂವರೆ. ಅದರಲ್ಲಿ ಖಾಲಿ ಇರೋದು ನನ್ನ ಒಂದು ಗೇಣು.

ಅತ್ತಿಗೆ: ಮಿಕ್ಸಿ, ಗ್ರೈಂಡರು, ಟೋಸ್ಟರು, ಎಣ್ಣೆ ಬಾಟ್ಲು, ಉಪ್ಪಿನ ಜಾಡಿ, ನಿಮ್ಮಣ್ಣನ ಬಿಪಿ ಮಾತ್ರೆ.

ನಾದಿನಿ: ಮಾತ್ರೆ ಯಾಕೆ ಒಲೆ ಪಕ್ಕ? ಬಿಸಿಗೆ ಕೆಡುತ್ತೆ. ಟೋಸ್ಟರ್ ಕೊನೆಗೆ ಯಾವಾಗ ಮುಟ್ಟಿದ್ರಿ? ಸರಿ, ಅದು ಸಜ್ಜಕ್ಕೆ. ಗ್ರೈಂಡರ್ ಮಾತ್ರ ಸಜ್ಜದ ಮೇಲೆ ಹತ್ತಿಸಬೇಡಿ, ಆ ಭಾರ ಇಳಿಸುವಾಗ ಸೊಂಟ ಹೋಗುತ್ತೆ. ಚಕ್ರ ಇರೋ ಗಟ್ಟಿ ಸ್ಟ್ಯಾಂಡಿನ ಮೇಲಿಟ್ಟು ಕಟ್ಟೆ ಕೆಳಗೆ ತಳ್ಳಿ. ರುಬ್ಬೋ ದಿನ ಎಳೆದುಕೊಳ್ಳಿ. ಒಲೆಗೂ ಸಿಂಕಿಗೂ ನಡುವಿನ ಜಾಗವನ್ನಂತೂ ಯಾರಿಗೂ ಬಿಟ್ಟುಕೊಡಬೇಡಿ, ತೊಳೆದದ್ದು ಹೆಚ್ಚಿ, ಹೆಚ್ಚಿದ್ದು ಬಾಣಲೆಗೆ ಹೋಗೋ ದಾರಿ ಅದು. ಅಲ್ಲಿ ಏನೂ ವಾಸ ಇರಕೂಡದು. ಎಣ್ಣೆ ಬಾಟ್ಲೂ ಕೂಡ.

ಅತ್ತಿಗೆ: ಎಣ್ಣೆ, ಉಪ್ಪು, ಒಗ್ಗರಣೆ ಡಬ್ಬಿ ಕೈಗೆ ಸಿಗದಿದ್ದರೆ ನಾನು ಅಡುಗೆ ಮಾಡಲ್ಲ. ನೀನು ಮಾಡ್ಕೋ.

ನಾದಿನಿ: ಒಲೆಯ ಬಲಗಡೆ, ಆ ಮೂಲೇಲಿ, ಒಂದು ಸ್ಟೀಲ್ ತಟ್ಟೆ ಮೇಲೆ ಆ ಮೂರು. ನಾಲ್ಕನೆಯದು ಬಂದರೆ ಒಂದು ಹೋಗಬೇಕು. ಒಪ್ಪಿಗೆನಾ?

ಅತ್ತಿಗೆ: ಮೂಲೆ ಆದ್ದರಿಂದ ಒಪ್ಪಿಗೆ. ಈ ಒಲೆ ಸಿಂಕು ಫ್ರಿಜ್ಜು ತ್ರಿಕೋನ ಅಂತ ಏನೋ ಅಂತಾರಲ್ಲ, ಅದು ನಮಗೂ ಅನ್ವಯವಾ?

ನಾದಿನಿ: ಅದು 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಹಾಕಿಕೊಟ್ಟ ಲೆಕ್ಕ. ಮೂರೂ ಬದಿ ಕೂಡಿದರೆ 13ರಿಂದ 26 ಅಡಿ ಇರಬೇಕಂತೆ. ನಿಮ್ಮಲ್ಲಿ ಇರೋದೇ ಏಳು ಎಂಟು ಅಡಿ. ತ್ರಿಕೋನ ತಾನಾಗೇ ಸಣ್ಣದು. ನಡೆದು ಸುಸ್ತಾಗೋ ಅಡುಗೆಮನೆಗೆ ಆ ಲೆಕ್ಕ. ಇಲ್ಲಿ ಸುಸ್ತಾಗೋದು ಹುಡುಕಿ. ಸಣ್ಣ ಅಡುಗೆಮನೆ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಂಡವಳು ಬೇರೊಬ್ಬಳಿದ್ದಾಳೆ, ಆಸ್ಟ್ರಿಯಾದ ಮಾರ್ಗರೆಟೆ ಶ್ಯೂಟೆ ಲಿಹೋಟ್ಸ್ಕಿ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ನಗರದವರು ಕೆಲಸಗಾರರಿಗೆ ಸಾವಿರಾರು ಮನೆ ಕಟ್ಟುತ್ತಿದ್ದರು. ಅದಕ್ಕೆ 1926ರಲ್ಲಿ ಅವಳು ಅಡುಗೆಮನೆ ನಕ್ಷೆ ಮಾಡಿದಳು. ಅಗಲ 1.9 ಮೀಟರು, ಉದ್ದ ಸುಮಾರು 3.4. ರೈಲಿನ ಊಟದ ಬೋಗೀಲಿ ಅಷ್ಟು ಇಕ್ಕಟ್ಟಿನಲ್ಲಿ ನೂರಾರು ಜನಕ್ಕೆ ಹೇಗೆ ಬಡಿಸ್ತಾರೆ ಅನ್ನೋದನ್ನ ನೋಡಿ ಕಲಿತಳಂತೆ. ಅಂಥವು ಹತ್ತು ಸಾವಿರದಷ್ಟು ತಯಾರಾದವು. ಇವತ್ತಿನ ಮಾಡ್ಯುಲರ್ ಕಿಚನ್ನಿನ ಮುತ್ತಜ್ಜಿ ಅದು.

ಅತ್ತಿಗೆ: ಏನಿತ್ತು ಅಂಥದ್ದು ಅದರಲ್ಲಿ?

ನಾದಿನಿ: ಕಿಟಕಿ ಎದುರಿಗೆ ಕೂತು ಹೆಚ್ಚೋಕೆ ಮಣೆ, ಸಿಪ್ಪೆಯನ್ನ ಅಲ್ಲೇ ಒಂದು ಡ್ರಾಯರಿಗೆ ತಳ್ಳಬಹುದು. ಸೀಲಿಂಗಿನ ಕಂಬಿ ಮೇಲೆ ಹಿಂದೆ ಮುಂದೆ ಜರುಗೋ ದೀಪ, ಕೆಲಸ ಎಲ್ಲೋ ಬೆಳಕು ಅಲ್ಲಿ. ಅಕ್ಕಿ, ಸಕ್ಕರೆಗೆಲ್ಲ ಹಿಡಿ ಇರೋ ಅಲ್ಯೂಮಿನಿಯಂ ಡಬ್ಬಗಳು, ಎಳೆದು ಹಾಗೇ ಪಾತ್ರೆಗೆ ಸುರಿಯಬಹುದು, ಒಂದೊಂದರ ಮೇಲೂ ಹೆಸರು. ಹಿಟ್ಟಿನ ಡಬ್ಬ ಮಾತ್ರ ಓಕ್ ಮರದ್ದು, ಹುಳ ಬರಬಾರದು ಅಂತ. ಬಣ್ಣ ನೀಲಿ ಹಸಿರು, ನೊಣ ಅದರ ಮೇಲೆ ಕೂರಲ್ಲ ಅನ್ನೋದು ಆಗಿನವರ ನಂಬಿಕೆ.

ಅತ್ತಿಗೆ: ಒಳ್ಳೇ ಅಡುಗೆ ಮಾಡೋಳಿರಬೇಕು.

ನಾದಿನಿ: ಇಲ್ಲ. ಆ ನಕ್ಷೆ ಮಾಡೋ ತನಕ ಅಡುಗೆಯನ್ನೇ ಮಾಡಿರಲಿಲ್ಲ ಅಂತ ಅವಳೇ ಆಮೇಲೆ ಹೇಳಿಕೊಂಡಿದ್ದಾಳೆ.

ಅತ್ತಿಗೆ: ಅದಕ್ಕೇ ಅಷ್ಟು ಅಚ್ಚುಕಟ್ಟು! ಡಬ್ಬದ ಮೇಲೆ ಅಕ್ಕಿ ಅಂತ ಕೆತ್ತಿಸಿದರೆ, ಗೋಧಿ ತಿನ್ನೋರು ಏನು ಮಾಡಬೇಕಿತ್ತು? ಮಕ್ಕಳ ಕೈಗೆ ಸಿಗೋ ಎತ್ತರದಲ್ಲಿ ಇದ್ದಿರಬೇಕು ಬೇರೆ.

ನಾದಿನಿ: ವಾಸಕ್ಕೆ ಬಂದವರ ದೂರೂ ಇದೇ. ಇನ್ನೊಂದು ಆಕ್ಷೇಪ ಬಹಳ ತಡವಾಗಿ ಬಂತು. ಆ ಅಡುಗೆಮನೆ ಒಬ್ಬಳೇ ಹೆಂಗಸು ನಿಂತು ದುಡಿಯೋಕೆ ಅಳೆದು ಮಾಡಿದ್ದು. ಗಂಡನೋ ಮಕ್ಕಳೋ ಜೊತೆಗೆ ನಿಲ್ಲೋಕೆ ಜಾಗವೇ ಇಲ್ಲ.

ಅತ್ತಿಗೆ: ಇಲ್ಲೂ ಅದೇ ತಾನೇ. ಸಹಾಯಕ್ಕೆ ಬಾ ಅಂದರೆ ನಿಮ್ಮಣ್ಣ ಬಾಗಿಲಲ್ಲೇ ನಿಂತು, ಒಳಗೆ ಇಬ್ಬರಿಗೆ ಜಾಗ ಎಲ್ಲಿದೆ ಅಂತಾರೆ. ಹೊರಗಿಂದ ಕಾಫಿ ಆಯ್ತಾ ಅನ್ನೋಕೆ ಜಾಗ ಸಾಕಾಗುತ್ತೆ.

ನಾದಿನಿ: ಅಣ್ಣ ಒಳಗೆ ಬಂದರೂ ಏನು ಮಾಡ್ತಾನೆ? ಕಾಫಿಪುಡಿ ಯಾವುದರಲ್ಲಿದೆ ಹೇಳಿ.

ಅತ್ತಿಗೆ: ಹಾರ್ಲಿಕ್ಸ್ ಬಾಟ್ಲಲ್ಲಿ.

ನಾದಿನಿ: ಹಾರ್ಲಿಕ್ಸ್?

ಅತ್ತಿಗೆ: ಮನೇಲಿ ಯಾರೂ ಕುಡಿಯಲ್ಲ. ಅದು ಬರೀ ಬಾಟ್ಲು. ಬೂಸ್ಟ್ ಬಾಟ್ಲಲ್ಲಿ ಮೆಂತ್ಯ. ತೊಗರಿಬೇಳೆ ಸ್ಟೀಲ್ ಡಬ್ಬಗಳ ಸಾಲಿನಲ್ಲಿ ಮೂರನೆಯದು, ಅಥವಾ ನಾಲ್ಕನೆಯದು. ನನಗೆ ಗೊತ್ತು ಬಿಡು.

ನಾದಿನಿ: ನಿಮಗೆ ಗೊತ್ತು ಅನ್ನೋದೇ ತೊಂದರೆ ಅತ್ತಿಗೆ. ನಿಮಗೊಬ್ಬರಿಗೇ ಗೊತ್ತಿರೋ ಓರಣ ಓರಣ ಅಲ್ಲ. ನೀವು ಜ್ವರ ಬಂದು ಮಲಗಿದಾಗ ಅಣ್ಣ ನಿಮ್ಮನ್ನ ಏಳಿಸದೆ ಒಂದು ಗಂಜಿ ಮಾಡಬೇಕು. ಇಂಗು ಎಲ್ಲಿ ಅಂತ ಕೂಗಬಾರದು. ಅಷ್ಟಾದರೆ ಅಡುಗೆಮನೆ ಜೋಡಣೆ ಸರಿಯಾಗಿದೆ ಅಂತ ನಾನು ಬರೆದುಕೊಡ್ತೀನಿ. ಚೀಟಿ ಅಂಟಿಸಿ ಸಾಕು, ಕೆತ್ತಿಸೋದು ಬೇಡ. ನಿಮ್ಮ ಅಕ್ಷರದಲ್ಲೇ ಕನ್ನಡದಲ್ಲಿ ಬರೀರಿ. ಗೋಧಿ ಬಂದಾಗ ಕಿತ್ತು ಹಾಕಬಹುದು.

ಅತ್ತಿಗೆ: ಸ್ಟೀಲ್ ಡಬ್ಬ ತೆಗೆದು ಗಾಜಿನದ್ದು ತರಬೇಕಾ?

ನಾದಿನಿ: ಯಾಕೆ? ಸ್ಟೀಲ್ ಒಡೆಯಲ್ಲ, ಜಿಡ್ಡು ಹಿಡಿದರೆ ಉಜ್ಜಿದರಾಯ್ತು. ಆದರೆ ಮುಂದೆ ಹೊಸದು ತಗೊಳ್ಳೋದಾದರೆ ಚೌಕದ್ದು ತಗೊಳ್ಳಿ. ದುಂಡಗಿನ ಡಬ್ಬಗಳನ್ನ ಸಾಲಾಗಿ ಜೋಡಿಸಿದಾಗ ನಡುವೆ ಬಿಡೋ ಸಂದುಗಳನ್ನ ಕೂಡಿಸಿದರೆ ಶೆಲ್ಫಿನಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹಾಳಾಗುತ್ತೆ. ಇದು ವೃತ್ತದ ಗಣಿತ, ಯಾವ ಡಿಸೈನರ್ ಬಂದರೂ ಬದಲಾಗಲ್ಲ. ಇನ್ನು ಕಟ್ಟೆ ಕೆಳಗಿನ ಈ ಕಡಪ ಕಲ್ಲಿನ ಶೆಲ್ಫು. ಎರಡಡಿ ಆಳ. ಹಿಂದೆ ಏನಿದೆ?

ಅತ್ತಿಗೆ: ಗೊತ್ತಿಲ್ಲ. ದೀಪಾವಳಿ ಕ್ಲೀನಿಂಗ್‌ಗೆ ಗೊತ್ತಾಗುತ್ತೆ.

ನಾದಿನಿ: ಮಂಡಿಯೂರಿ, ಅರ್ಧ ಮೈ ಒಳಗೆ ತೂರಿಸಿ ತೆಗೆಯೋ ಜಾಗದಲ್ಲಿ ಇಟ್ಟದ್ದು ಇದ್ದೂ ಇಲ್ಲದ ಹಾಗೆ. ನಿಮಗೆ ದುಡ್ಡು ಹಾಕಬೇಕು ಅನ್ನಿಸಿದರೆ ಇಲ್ಲಿ ಹಾಕಿ. ಬಾಗಿಲಿನ ಕಬೋರ್ಡು ಬೇಡ, ಎಳೆಯೋ ಡ್ರಾಯರು ಮಾಡಿಸಿ. ಹಿಂದಿನದ್ದು ತಾನಾಗಿ ಮುಂದೆ ಬರುತ್ತೆ, ಮೇಲಿಂದ ನೋಡಿದರೆ ಎಲ್ಲ ಕಾಣುತ್ತೆ. ಸಿಂಕಿನ ಕೆಳಗಿನ ಭಾಗಕ್ಕಂತೂ ನೀರಿಗೆ ಜಗ್ಗದ ಪ್ಲೈವುಡ್ಡೇ ಬೇಕು, ಐಎಸ್ 710 ಗುರುತು ನೋಡಿ ತಗೊಳ್ಳಿ. ಅಗ್ಗಕ್ಕೆ ಸಿಗುತ್ತೆ ಅಂತ ಎಂಡಿಎಫ್ ಹಾಕಿಸಿದರೆ ಒಂದು ಸಲ ಪೈಪ್ ಸೋರಿದರೆ ಸಾಕು, ಉಬ್ಬಿ ಬಾಗಿಲು ಮುಚ್ಚಲ್ಲ.

ಅತ್ತಿಗೆ: ಸಿಲಿಂಡರು? ಅದನ್ನೂ ಒಳಗಿಟ್ಟು ಬಾಗಿಲು ಮಾಡ್ತೀನಿ, ಗೊತ್ತೇ ಆಗಲ್ಲ ಅಂದ.

ನಾದಿನಿ: ಗೊತ್ತಾಗಬೇಕು! ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಸೇರಿಕೊಳ್ಳುತ್ತೆ. ಗಾಳಿ ಆಡದ ಪೆಟ್ಟಿಗೇಲಿ ಇಟ್ಟರೆ ವಾಸನೆ ನಿಮ್ಮ ಮೂಗಿಗೆ ಬರೋ ಹೊತ್ತಿಗೆ ಕೆಳಗೆ ತುಂಬಿರುತ್ತೆ. ಬಾಗಿಲು ಮಾಡಿಸಲೇಬೇಕಾದರೆ ಬುಡದಲ್ಲಿ ಜಾಲರಿ ಬಿಡಿಸಿ. ಚೆಂದ ಕಾಣೋದರ ವಿಷಯದಲ್ಲಿ ನಿಮ್ಮ ಜೊತೆ ರಾಜಿ ಮಾಡ್ಕೊಳ್ತೀನಿ, ಇದರಲ್ಲಿ ಇಲ್ಲ. ನಿಮ್ಮ ರಸ್ತೆಗೆ ಪೈಪ್ ಗ್ಯಾಸ್ ಬಂದಿದ್ದರೆ ಅದನ್ನೇ ಹಾಕಿಸಿಕೊಳ್ಳಿ, ಸಿಲಿಂಡರ್ ಜಾಗದಲ್ಲಿ ನಿಮ್ಮ ಗ್ರೈಂಡರ್ ಕೂರುತ್ತೆ.

ಅತ್ತಿಗೆ: ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆ ಒಡೆದರೆ ಹೇಗೆ? ಓಪನ್ ಕಿಚನ್. ಎದುರು ಮನೆಯವರು ಮಾಡಿಸಿದ್ದಾರೆ.

ನಾದಿನಿ: ನಿಮ್ಮದು ಹಳೇ ಕಟ್ಟಡ, ಇದು ಇಟ್ಟಿಗೆ ಗೋಡೆ ಇರಬಹುದು, ಎಂಜಿನಿಯರಿಗೆ ತೋರಿಸಿ ಒಡೆಯಬಹುದೇನೋ. ಹೊಸ ಫ್ಲಾಟುಗಳಲ್ಲಿ ಎಷ್ಟೋ ಕಡೆ ಗೋಡೆಯೇ ಕಾಂಕ್ರೀಟಿನದ್ದು, ಮುಟ್ಟೋ ಹಾಗೇ ಇಲ್ಲ. ಒಡೆಯಬಹುದು ಅಂತಲೇ ಇಟ್ಕೊಳ್ಳಿ. ಒಣಮೆಣಸಿನಕಾಯಿ ಒಗ್ಗರಣೆ ಘಾಟು ಸೋಫಾದ ಮೇಲೆ ಕೂರೋದು ಬೇಕಾ? ಆಮೇಲೆ ಈ ಗೋಡೆ ಮೇಲಿರೋ ಶೆಲ್ಫು ಎಲ್ಲಿಗೆ ಹೋಗುತ್ತೆ?

ಅತ್ತಿಗೆ: ಘಾಟಿಗಿಂತ, ಬಂದವರೆಲ್ಲ ನನ್ನ ಸಿಂಕ್ ನೋಡ್ತಾರೆ. ಬೇಡ.

ನಾದಿನಿ: ಎದೆಮಟ್ಟಕ್ಕೆ ಒಂದು ಕಿಂಡಿ ತೆಗೆಸಿ, ಮೂರಡಿ ಅಗಲ ಸಾಕು, ಜರುಗೋ ಗಾಜು ಹಾಕಿಸಿ. ಹಾಲ್‌ನ ಬಾಲ್ಕನಿ ಬೆಳಕು ಅಡುಗೆಮನೆಗೂ ಬರುತ್ತೆ, ತಟ್ಟೆ ದಾಟಿಸಬಹುದು, ಅಲ್ಲಿ ಕೂತವರ ಮಾತು ಕೇಳುತ್ತೆ. ಕರಿಯುವಾಗ ಮುಚ್ಚಿಬಿಡಿ.

ಅತ್ತಿಗೆ: ಇದು ಹಿಡಿಸಿತು. ಧಾರಾವಾಹಿನೂ ಕಾಣುತ್ತೆ. ಗೋಡೆ ಮೇಲೆ ಬಾಗಿಲಿಲ್ಲದ ಮರದ ಹಲಗೆ ಶೆಲ್ಫು ಹಾಕಿ, ಬಿಳಿ ಪಿಂಗಾಣಿ ಜೋಡಿಸ್ತಾರಲ್ಲ, ಅದೂ ಮಾಡ್ತೀಯಾ? ಪತ್ರಿಕೇಲೆಲ್ಲ ಅದೇ ಚಿತ್ರ.

ನಾದಿನಿ: ನನಗೆ ಅದು ಇಷ್ಟ. ಜಾಗ ಹಗುರಾಗಿ ಕಾಣುತ್ತೆ.

ಅತ್ತಿಗೆ: ನನಗೆ ಬೇಡ. ಆ ಮೆಶ್ಶಿಗೆ ಏನಾಗಿತ್ತು ಅಂತ ನೀನೇ ತೋರಿಸಿದೆಯಲ್ಲ. ವಾರಕ್ಕೊಮ್ಮೆ ಮುಟ್ಟದ ಪಾತ್ರೆ ಹೊರಗಿದ್ದರೆ ಅದರ ಮೇಲೂ ಅದೇ. ದಿನಾ ಬಳಸೋ ತಟ್ಟೆ ಲೋಟ ಸ್ಟ್ಯಾಂಡಿನಲ್ಲಿ ಹೊರಗಿರಲಿ, ಅವು ದಿನಾ ತೊಳೆದಾಗುತ್ತೆ. ಉಳಿದದ್ದಕ್ಕೆ ಬಾಗಿಲು ಇರಲಿ.

ನಾದಿನಿ: ಕಾಲೇಜಲ್ಲಿ ಇದನ್ನ ಹೇಳಿಕೊಡಲಿಲ್ಲ ನೋಡಿ. ಸರಿ, ಒಲೆ ಇರೋ ಗೋಡೆಗೆ ಬಾಗಿಲಿನ ಶೆಲ್ಫು, ಒಂದಡಿಗಿಂತ ಆಳ ಬೇಡ, ಗೋಡೆಯದೇ ಬಣ್ಣ. ಕಿಟಕಿ ಇರೋ ಗೋಡೆ ಪೂರ್ತಿ ಖಾಲಿ. ಇನ್ನು ಸಜ್ಜ. ಇಣುಕಿ ನೋಡಿದೆ. ಅಲ್ಲಿರೋ ಪ್ಲಾಸ್ಟಿಕ್ ಡಬ್ಬಿಗಳೆಲ್ಲ ಏನು?

ಅತ್ತಿಗೆ: ಹೋಟೆಲ್ ಪಾರ್ಸಲ್‌ದು. ಒಳ್ಳೇ ಡಬ್ಬಿ, ಬಿಸಾಕೋಕೆ ಮನಸ್ಸು ಬರಲ್ಲ. ಐಸ್‌ಕ್ರೀಮ್ ಡಬ್ಬೀಲಿ ಹುಣಸೆಹಣ್ಣು ಇಡಬಹುದು.

ನಾದಿನಿ: ಹುಣಸೆಹಣ್ಣು ಎಷ್ಟಿದೆ ಮನೇಲಿ? ಅರ್ಧ ಕೆಜಿ. ಡಬ್ಬಿ ಎರಡು ಗೋಣಿ. ಸಿಂಕ್ ಕೆಳಗೆ ಕವರಿನೊಳಗೆ ಕವರು, ಅದರೊಳಗೆ ಇನ್ನೂ ಕವರು. ಹತ್ತು ಇಟ್ಕೊಳ್ಳಿ. ಮುಚ್ಚಳ ಸಿಗದ ಡಬ್ಬಿಯನ್ನ ಮೊದಲು ಕಳಿಸಿ. ಆ ಹಿತ್ತಾಳೆ ಕೊಳಗ, ದೊಡ್ಡ ಬಾಣಲೆ? ಯಾವ ಕಾಲಕ್ಕೆ ಇಳಿಸ್ತೀರಿ?

ಅತ್ತಿಗೆ: ಕೊಳಗ ನಿಮ್ಮಮ್ಮಂದು. ಅವರು ಇರೋ ತನಕ ಗೌರಿ ಹಬ್ಬಕ್ಕೆ ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಪಾಯಸ ಮಾಡ್ತಿದ್ದರು. ಈಗ ನಾಲ್ಕು ಜನಕ್ಕೆ ಕುಕ್ಕರ್ ಸಾಕು. ನಿನಗೆ ಅಷ್ಟು ಜಾಗದ ಚಿಂತೆ ಇದ್ದರೆ ನೀನೇ ತಗೊಂಡು ಹೋಗು.

ನಾದಿನಿ: ನನ್ನ ಅಡುಗೆಮನೇಲಿ ಜಾಗ ಇಲ್ಲ ಅತ್ತಿಗೆ.

ಅತ್ತಿಗೆ: ನೋಡು ಮತ್ತೆ!

ನಾದಿನಿ: ಸರಿ, ಅದು ಇರಲಿ. ವರ್ಷಕ್ಕೊಂದು ಸಲ ಬಳಸೋದಕ್ಕೇ ಸಜ್ಜ ಇರೋದು. ಚಕ್ಕುಲಿ ಒರಳು, ಬಾಗಿನದ ಮೊರ, ಅಮ್ಮನ ಕೊಳಗ ಅಲ್ಲಿರಲಿ. ವಾರಕ್ಕೊಮ್ಮೆಯದು ಮೊಣಕಾಲ ಮಟ್ಟಕ್ಕೆ ಡ್ರಾಯರಿನಲ್ಲಿ. ದಿನದ್ದು ಸೊಂಟಕ್ಕೂ ಕಣ್ಣಿಗೂ ನಡುವೆ. ಈ ಡಬ್ಬಿಗಳು ಹೋದರೆ ಸಜ್ಜದಲ್ಲಿ ಟೋಸ್ಟರಿಗೂ ಜಾಗ ಆಗುತ್ತೆ. ಇಷ್ಟು ಮಾಡೋಕೆ ಬಡಗಿ ಬೇಕಿಲ್ಲ.

ಅತ್ತಿಗೆ: ಮಾಡ್ಯುಲರ್ ಬೇಡವೇ ಬೇಡ ಅಂತೀಯಾ? ಪೂರ್ತಿ ಹೇಳು, ನಿಮ್ಮಣ್ಣನಿಗೆ ಹೇಳಬೇಕು.

ನಾದಿನಿ: ಬೇಡ ಅನ್ನಲ್ಲ. ಇವತ್ತು ಬೇಡ. ಮೊದಲು ಮೆಶ್ಶು, ದೀಪ, ಯುಟಿಲಿಟಿ ಸಿಂಕು. ಆಮೇಲೆ ಅಡುಗೆ ಅಲ್ಲದ್ದೆಲ್ಲ ಆಚೆ. ಹಾಗೆ ಒಂದು ಹಬ್ಬ ಕಳೀಲಿ. ಹಬ್ಬದ ಅಡುಗೇಲಿ ಕೈ ಎಲ್ಲಿ ತಡವರಿಸುತ್ತೋ ಅಲ್ಲಿಗೆ ಮಾತ್ರ ಡ್ರಾಯರ್ ಮಾಡಿಸಿ. ಅಳತೆ ತಗೊಳ್ಳೋಕೆ ಬಂದವನಿಗೆ ನಿಮ್ಮ ಸಾಮಾನು ಎಷ್ಟು ಅಂತ ಗೊತ್ತಿಲ್ಲ, ನಿಮಗೂ ಈಗ ಗೊತ್ತಿಲ್ಲ. ಖಾಲಿ ಮಾಡೋಕೆ ಮುಂಚೆ ಮಾಡಿಸಿದ ಕಬೋರ್ಡಿನಲ್ಲಿ ಕೂರೋದು ಆ ಪಾರ್ಸಲ್ ಡಬ್ಬಿಗಳೇ.

ಅತ್ತಿಗೆ: ಭಾನುವಾರ ಸಾಮಾನೆಲ್ಲ ಹಾಲಿಗೆ ಇಳಿಸ್ತೀನಿ. ಚೀಟಿ ಬರೆಯೋ ಕೆಲಸ ನಿಮ್ಮಣ್ಣಂದು. ಯಾವ ಡಬ್ಬೀಲಿ ಏನಿದೆ ಅಂತ ಒಂದು ಸಲ ತೆರೆದು ನೋಡಿ ಬರೆದರೆ, ಆಮೇಲೆ ಗೊತ್ತಿಲ್ಲ ಅನ್ನೋಕಾಗಲ್ಲ. ನೀನು ನಿನ್ನ ಎಲೆಕ್ಟ್ರಿಷಿಯನ್ನ ಸೋಮವಾರ ಕಳಿಸು. ಟೈಲ್ಸಿನವನು ಸದ್ಯಕ್ಕೆ ಬೇಡ.